ಬೋರ್ಡ್‌ಗೆ ಆರೂವರೆ ಸಾವಿರ ಸಾಕಾ, ಹನ್ನೆರಡು ಬೇಕಾ?

ಪ್ರಶ್ನೆ: ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಪಾಸ್‌ಪೋರ್ಟ್ ಫೋಟೋ, ಸೀಸನ್‌ನಲ್ಲಿ ಮದುವೆ ಆಲ್ಬಂ ಮಾಡುತ್ತೇನೆ. ಕೋರೆಲ್ ಡ್ರಾ, ಫೋಟೋಶಾಪ್, ನುಡಿ, ಇಷ್ಟೇ ಬಳಕೆ. 2017ರಲ್ಲಿ ಕೊಂಡ ಕಂಪ್ಯೂಟರ್: ಐ5-7400 ಪ್ರೊಸೆಸರ್, ಎಚ್110 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್. ಮಳೆಗಾಲದಲ್ಲಿ ಒಂದು ರಾತ್ರಿ ಜೋರು ಗುಡುಗು ಸಿಡಿಲು. ಮಾರನೇ ದಿನದಿಂದ ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ. ರಿಪೇರಿಯವರು ಬೋರ್ಡ್ ಹೋಗಿದೆ ಎಂದರು. ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಿದ್ದೆ. ಒಬ್ಬರು, "ಎಎಂ5 ಸಾಕೆಟ್‌ನ ಬಿ650 ತಗೊಳ್ಳಿ ಸಾರ್, ಹನ್ನೆರಡು ಸಾವಿರ, ಮಿಕ್ಕಿದ್ದೆಲ್ಲ ಹಳೆ ಸರಕು" ಎಂದರು. ಪಕ್ಕದ ಅಂಗಡಿಯವರು ಆರೂವರೆ ಸಾವಿರಕ್ಕೆ ಎಚ್610 ಸಾಕು ಎಂದರು. ಯೂಟ್ಯೂಬ್ ನೋಡಿದರೆ ಅಗ್ಗದ ಬೋರ್ಡ್‌ಗಳ ವಿಆರ್‌ಎಂ ಸುಟ್ಟುಹೋಗುತ್ತದೆ ಎನ್ನುತ್ತಾರೆ. ಅಕ್ಕನ ಮಗ, ಹಳೆ ಪ್ರೊಸೆಸರ್‌ಗೇ ಹೊಂದುವ ಹೊಸ ಎಚ್110 ಬೋರ್ಡ್ ಆನ್‌ಲೈನ್‌ನಲ್ಲಿ ಮೂರು ಸಾವಿರಕ್ಕೆ ಸಿಗುತ್ತದೆ, ಸುಮ್ನೆ ದುಡ್ಡು ಯಾಕೆ ಸುರಿಯುತ್ತೀರಿ ಎನ್ನುತ್ತಾನೆ. ಮಾನಿಟರ್, ಯುಪಿಎಸ್ ಇವೆ. ಎಲ್ಲ ಸೇರಿ ಮೂವತ್ತು ಸಾವಿರ ಹಾಕಬಲ್ಲೆ. ಮಗ ಪಿಯುಸಿ, ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕಿಸು ಎಂದು ಈಗಲೇ ಶುರು ಮಾಡಿದ್ದಾನೆ. ಯಾರ ಮಾತು ಕೇಳಲಿ?

ಉತ್ತರ: ಮೂರ‍್ನಾಲ್ಕು ಜನ ನಿಮ್ಮನ್ನು ಮೂರ‍್ನಾಲ್ಕು ದಿಕ್ಕಿಗೆ ಎಳೆದಿದ್ದಾರೆ. ಅವರಲ್ಲಿ ಯಾರೂ ಪೂರ್ತಿ ಸುಳ್ಳು ಹೇಳಿಲ್ಲ. ಆದರೆ ನಿಮ್ಮ ಅಂಗಡಿಯ ಕೆಲಸ ಏನು, ಕೈಯಲ್ಲಿ ಈಗಾಗಲೇ ಏನಿದೆ ಎಂದು ಯಾರೂ ಕೇಳಿದಂತೆ ಕಾಣುವುದಿಲ್ಲ. ಅದನ್ನು ಕೇಳಿದರೆ ಆಯ್ಕೆ ಬೇಗ ಸಣ್ಣದಾಗುತ್ತದೆ.

ಮೊದಲು ಒಂದು ಅನುಮಾನ. ಬೋರ್ಡ್ ನಿಜವಾಗಿಯೂ ಹೋಗಿದೆಯಾ? ಫ್ಯಾನ್ ತಿರುಗಿ ಪರದೆ ಬಾರದ ಮಷಿನ್ ನನ್ನ ಮೇಜಿಗೆ ವರ್ಷಕ್ಕೆ ಹತ್ತಾರು ಬರುತ್ತವೆ. ಅದರಲ್ಲೂ ಮಲೆನಾಡಿನ ಕಡೆಯಿಂದ ಬಂದವುಗಳಲ್ಲಿ ಒಳ್ಳೆಯ ಪಾಲು ಬೋರ್ಡ್ ಸತ್ತವಲ್ಲ. ಮಳೆಗಾಲದ ತೇವಕ್ಕೆ ರ‍್ಯಾಮ್‌ನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕಿಲುಬಿನ ಪದರ ಕೂತಿರುತ್ತದೆ. ರ‍್ಯಾಮ್ ತೆಗೆದು, ಶಾಲೆ ಮಕ್ಕಳ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಊದಿ, ಒಂದೇ ಕಡ್ಡಿ ಹಾಕಿ ನೋಡಿ. ನಂತರ ಇನ್ನೊಂದು ಸ್ಲಾಟ್‌ಗೆ ಹಾಕಿ ನೋಡಿ. ಪವರ್ ಕೇಬಲ್ ಕಿತ್ತು, ನಾಣ್ಯದಂತಿರುವ 2032 ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಗೆಳೆಯರ ಅಂಗಡಿಯಿಂದ, ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿಯಾದ ಒಂದು ಎಸ್‌ಎಂಪಿಎಸ್ ತಂದು ಅದರಲ್ಲೂ ಒಮ್ಮೆ ಹಚ್ಚಿ. ಇಷ್ಟಾದರೂ ಪರದೆ ಬಾರದಿದ್ದರೆ ರಿಪೇರಿಯವರ ಮಾತು ನಂಬಬಹುದು. ಸಿಡಿಲಿನ ಮಾರನೇ ದಿನವೇ ನಿಂತಿದೆ ಎಂದಿದ್ದೀರಿ. ಹಾಗಾಗಿ ಬೋರ್ಡ್ ಹೋಗಿರುವ ಸಾಧ್ಯತೆಯೇ ಜಾಸ್ತಿ. ಆದರೂ ಮೂವತ್ತು ಸಾವಿರ ತೆಗೆಯುವ ಮುನ್ನ ಅರ್ಧ ಗಂಟೆ ಕೊಡಿ.

ಈಗ ಬೋರ್ಡ್ ವಿಷಯ. ಜನ ಬೋರ್ಡ್‌ನಿಂದ ವೇಗ ನಿರೀಕ್ಷಿಸುತ್ತಾರೆ. ಬೋರ್ಡ್ ವೇಗ ಕೊಡುವುದಿಲ್ಲ. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಕೊಡುವ ವೇಗಕ್ಕೆ ಅಡ್ಡ ಬಾರದೇ ಇದ್ದರೆ ಅದರ ಕೆಲಸ ಮುಗಿಯಿತು. ಒಂದೇ ಪ್ರೊಸೆಸರ್ ಅನ್ನು ಆರೂವರೆ ಸಾವಿರದ ಬೋರ್ಡ್‌ನಲ್ಲೂ ಇಪ್ಪತ್ತು ಸಾವಿರದ ಬೋರ್ಡ್‌ನಲ್ಲೂ ಕೂರಿಸಿ ಫೋಟೋಶಾಪ್ ತೆರೆದರೆ ನಿಮಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಡಬ್ಬಿಯ ಮೇಲೆ "ಗೇಮಿಂಗ್" ಎಂದು ಬರೆದು ಕೆಂಪು ದೀಪ ಹಚ್ಚಿದರೂ ಅಷ್ಟೆ. ದುಡ್ಡು ಹೆಚ್ಚಿದಂತೆ ಹೆಚ್ಚುವುದು ಬೇರೆ: ಎಷ್ಟು ರ‍್ಯಾಮ್ ಸ್ಲಾಟ್, ಎಷ್ಟು ಯುಎಸ್‌ಬಿ, ಎಷ್ಟು ಎಂ.2 ಜಾಗ (ತೆಳು ಎಸ್‌ಎಸ್‌ಡಿ ಕೂರುವ ಸ್ಲಾಟ್), ಎಷ್ಟು ದೊಡ್ಡ ಪ್ರೊಸೆಸರ್ ತಡೆದುಕೊಳ್ಳುತ್ತದೆ ಇತ್ಯಾದಿ. ಇವುಗಳಲ್ಲಿ ನಿಮಗೆ ಬೇಕಾದದ್ದಕ್ಕೆ ದುಡ್ಡು ಕೊಡಿ, ಬೇಡದ್ದಕ್ಕೆ ಬೇಡ.

ವಿಆರ್‌ಎಂ ಸುಟ್ಟುಹೋಗುವ ಕಥೆಗೆ ಬರೋಣ, ಯಾಕೆಂದರೆ ಇದರಲ್ಲಿ ಅರ್ಧ ನಿಜ ಇದೆ. ಎಸ್‌ಎಂಪಿಎಸ್‌ನಿಂದ ಬೋರ್ಡ್‌ಗೆ ಬರುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾದದ್ದು ಹತ್ತಿರ ಹತ್ತಿರ 1.2 ವೋಲ್ಟ್. ಆ 12 ಅನ್ನು 1.2ಕ್ಕೆ ಇಳಿಸಿ, ಏರಿಳಿತ ಇಲ್ಲದಂತೆ ಕೊಡುವ ಸರ್ಕೀಟೇ ವಿಆರ್‌ಎಂ. ಪ್ರೊಸೆಸರ್ ಕೂರುವ ಸಾಕೆಟ್ ಪಕ್ಕದಲ್ಲಿ ಸಾಲಾಗಿ ಕೂತ ಚೌಕ ಡಬ್ಬಿಗಳು, ಅವುಗಳ ಬೆನ್ನಿಗೆ ಚಪ್ಪಟೆ ಕಪ್ಪು ಚಿಪ್‌ಗಳು ಕಾಣುತ್ತವಲ್ಲ, ಅವೇ. ವೋಲ್ಟೇಜ್ ಇಳಿದಷ್ಟೂ ಕರೆಂಟ್ ಏರುತ್ತದೆ. ಎಚ್610ರಲ್ಲಿ ಕೂರುವ ಐ5-12400 ಪ್ರೊಸೆಸರ್ ಪೂರ್ತಿ ದುಡಿಯುವಾಗ 117 ವ್ಯಾಟ್‌ವರೆಗೆ ಎಳೆಯಬಹುದು ಎಂದು ಇಂಟೆಲ್ ಹೇಳುತ್ತದೆ. 1.2 ವೋಲ್ಟ್‌ಗೆ ಲೆಕ್ಕ ಹಾಕಿದರೆ ಸುಮಾರು ನೂರು ಆಂಪಿಯರ್. ನಿಮ್ಮ ಮನೆಯ ಮೇನ್ ಸ್ವಿಚ್ಚೇ 32 ಆಂಪಿಯರ್‌ನದು ಇರಬಹುದು! ಇಷ್ಟು ಕರೆಂಟ್ ಅಂಗೈಯಷ್ಟು ಜಾಗದಲ್ಲಿ ಹರಿದರೆ ಬಿಸಿ ಆಗಲೇಬೇಕು.

ಆದರೆ ಸುಟ್ಟುಹೋಗುವುದು ಅಪರೂಪ. ಮಿತಿ ಮೀರಿ ಬಿಸಿಯಾದರೆ ಬೋರ್ಡ್ ಪ್ರೊಸೆಸರ್‌ಗೆ ಕೊಡುವ ಪವರ್ ಕಡಿಮೆ ಮಾಡುತ್ತದೆ. ಪ್ರೊಸೆಸರ್ ನಿಧಾನವಾಗುತ್ತದೆ. ಅಷ್ಟೇ. ಯೂಟ್ಯೂಬ್‌ನವರು ತೋರಿಸುವುದು 253 ವ್ಯಾಟ್ ಎಳೆಯುವ ಐ9-14900ಕೆ ಅನ್ನು ಅತಿ ಅಗ್ಗದ ಬೋರ್ಡ್‌ನಲ್ಲಿ ಕೂರಿಸಿ ಅರ್ಧ ಗಂಟೆ ಉಸಿರು ಬಿಡದಂತೆ ಓಡಿಸುವ ಆಟ. ಮಿನಿ ಲಾರಿಗೆ ಹತ್ತು ಟನ್ ಮರಳು ತುಂಬಿ, ನೋಡಿ ಸ್ಪ್ರಿಂಗ್ ಮುರಿಯಿತು ಎಂದಂತೆ. ನಿಮ್ಮ ಕೋರೆಲ್, ಫೋಟೋಶಾಪ್ ಹಾಗೆ ದುಡಿಸುವುದಿಲ್ಲ. ಒಂದು ಫಿಲ್ಟರ್ ಹಾಕಿದಾಗ ಎರಡು ಸೆಕೆಂಡ್ ಜೋರು, ಮತ್ತೆ ನೀವು ಯೋಚಿಸುವಾಗ ಅದೂ ಸುಮ್ಮನೆ. 65 ವ್ಯಾಟ್ ವರ್ಗದ ಪ್ರೊಸೆಸರ್‌ಗೆ ಒಳ್ಳೆಯ ಕಂಪನಿಯ ಸಾದಾ ಬೋರ್ಡ್ ಧಾರಾಳ ಸಾಕು. ಹೊಸ ಐ7, ಐ9 ಹಾಕುವ ಆಸೆ ಇದ್ದವರು ಮಾತ್ರ ವಿಆರ್‌ಎಂ ಮೇಲೆ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಇರುವ ಬೋರ್ಡ್ ಹುಡುಕಬೇಕು.

ಇನ್ನು "ಹಳೆ ಸರಕು" ಎಂಬ ಮಾತು. ಎಎಂಡಿಯ ಎಎಂ5 ಸಾಕೆಟ್ 2022ರ ಸೆಪ್ಟೆಂಬರ್‌ನಲ್ಲಿ ಬಂತು. 2027 ಮತ್ತು ಅದರಾಚೆಗೂ ಅದಕ್ಕೆ ಬೆಂಬಲ ಕೊಡುತ್ತೇವೆ ಎಂದು ಕಂಪನಿ ಹೇಳಿದೆ. ಎಚ್610 ಬೋರ್ಡ್‌ನಲ್ಲಿರುವ ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ 2021ರ ಕೊನೆಯಲ್ಲಿ ಬಂದು, 12, 13, 14ನೇ ತಲೆಮಾರುಗಳಿಗೆ ದುಡಿದು ಮುಗಿಯಿತು. 2024ರ ಅಕ್ಟೋಬರ್‌ನಿಂದ ಹೊಸ ಸಾಕೆಟ್. ಅಂದರೆ ಎಚ್610 ಬೋರ್ಡ್ ಕೊಂಡರೆ ಮುಂದೆ ಹೊಸ ತಲೆಮಾರಿನ ಪ್ರೊಸೆಸರ್ ಹಾಕಲು ಬರುವುದಿಲ್ಲ. ಅಂಗಡಿಯವರು ಹೇಳಿದ್ದು ಇದನ್ನೇ, ಸರಿಯಾಗಿಯೇ ಇದೆ.

ಆದರೆ ನಿಮ್ಮನ್ನೇ ಕೇಳಿಕೊಳ್ಳಿ. 2017ರಲ್ಲಿ ಕೊಂಡ ಐ5 ತೆಗೆದು ಅದೇ ಬೋರ್ಡ್‌ಗೆ ಐ7 ಹಾಕಬಹುದಿತ್ತು. ಹಾಕಿದಿರಾ? ಇಷ್ಟು ವರ್ಷದಲ್ಲಿ ಬೋರ್ಡ್ ಉಳಿಸಿಕೊಂಡು ಬರೀ ಪ್ರೊಸೆಸರ್ ಬದಲಿಸಲು ನನ್ನ ಬಳಿ ಬಂದವರನ್ನು ಬೆರಳಲ್ಲಿ ಎಣಿಸಬಹುದು. ಅವರಲ್ಲಿ ಬಹುತೇಕರು ಹಳೆ ಎಎಂ4ನವರು. 2017ರ ರೈಜನ್ ತೆಗೆದು 5000 ಸರಣಿಯದು ಹಾಕಿಸಿಕೊಂಡು ಖುಷಿಯಾಗಿ ಹೋದರು, ಅದು ನಿಜಕ್ಕೂ ಲಾಭದ ವ್ಯವಹಾರ. ಮಿಕ್ಕವರಿಗೆ ಪ್ರೊಸೆಸರ್ ಹಳೆಯದಾಗುವ ಹೊತ್ತಿಗೆ ಬೋರ್ಡೂ ರ‍್ಯಾಮೂ ಹಳೆಯವಾಗಿರುತ್ತವೆ. ಐದಾರು ವರ್ಷ ಆಚೆಗಿನ ಅನುಕೂಲಕ್ಕೆ ಇವತ್ತು ಐದೂವರೆ ಸಾವಿರ ಜಾಸ್ತಿ ಕೊಡುವುದು ಡಿಟಿಪಿ ಅಂಗಡಿಗೆ ನನ್ನ ಮಟ್ಟಿಗೆ ಸರಿ ಕಾಣುವುದಿಲ್ಲ.

ಅದಕ್ಕಿಂತ ದೊಡ್ಡ ಕಾರಣ ನಿಮ್ಮ ಕೈಯಲ್ಲೇ ಇದೆ. ಆ 16 ಜಿಬಿ ಡಿಡಿಆರ್4. ಎಎಂ5 ಬೋರ್ಡ್ ಡಿಡಿಆರ್5 ಮಾತ್ರ ತೆಗೆದುಕೊಳ್ಳುತ್ತದೆ. ಕಡ್ಡಿಯ ಮಧ್ಯದ ಕಚ್ಚು ಇರುವ ಜಾಗವೇ ಬೇರೆ, ಒತ್ತಿದರೂ ಕೂರುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಹೇಗೆ ಏರಿತು ಎಂದು ಪೇಪರ್‌ನಲ್ಲಿ ಓದಿರುತ್ತೀರಿ. ಎಐ ಸರ್ವರ್‌ಗಳಿಗೆ ಮೆಮೊರಿ ಚಿಪ್ ಹೋಗುತ್ತಿದೆ, ನಮ್ಮಂಥವರ ಪಾಲು ಕಡಿಮೆಯಾಗಿದೆ. ಬಿ650ಕ್ಕೆ ಹನ್ನೆರಡು ಸಾವಿರ ಎಂದವರು ಅದರ ಮೇಲೆ ಡಿಡಿಆರ್5ಗೆ ಎಷ್ಟು ಎಂದು ಹೇಳಲಿಲ್ಲ ಅಲ್ವಾ? ಆ ಲೆಕ್ಕ ಸೇರಿಸಿದರೆ ನಿಮ್ಮ ಮೂವತ್ತು ಸಾವಿರದಲ್ಲಿ ಪ್ರೊಸೆಸರ್‌ಗೆ ದುಡ್ಡು ಉಳಿಯುವುದು ಕಷ್ಟ. ಸಿಡಿಲಿಗೆ ರ‍್ಯಾಮ್ ಬದುಕಿ ಉಳಿದಿದ್ದರೆ ಅದನ್ನು ಬಳಸುವ ಬೋರ್ಡೇ ಸದ್ಯ ನಿಮಗೆ ಅಗ್ಗದ ಬೋರ್ಡ್. ಬೇರೆ ಮಷಿನ್‌ನಲ್ಲಿ ಹಾಕಿಸಿ ಮೊದಲು ಅದನ್ನು ಖಾತ್ರಿ ಮಾಡಿಕೊಳ್ಳಿ. ನನ್ನ ಸಲಹೆ ಪೂರ್ತಿ ನಿಂತಿರುವುದು ಇದರ ಮೇಲೆ.

ನಿಮ್ಮ ಅಕ್ಕನ ಮಗನ ದಾರಿ ಕಡೆಗಣಿಸುವಂಥದ್ದಲ್ಲ. ಪ್ರೊಸೆಸರ್, ರ‍್ಯಾಮ್ ಎರಡೂ ಬದುಕಿದ್ದರೆ ಮೂರು ಸಾವಿರಕ್ಕೆ ಅಂಗಡಿ ನಾಳೆಯೇ ತೆರೆಯುತ್ತದೆ. ತೊಂದರೆ ಎರಡು. ಎಚ್110 ಅಂಥ ಹಳೆಯ ಚಿಪ್‌ಸೆಟ್‌ನ (ಬೋರ್ಡ್‌ನ ಮುಖ್ಯ ಚಿಪ್) "ಹೊಸ" ಬೋರ್ಡ್‌ಗಳನ್ನು ಈಗ ಹೆಸರಾಂತ ಕಂಪನಿಗಳು ಮಾಡುತ್ತಿಲ್ಲ. ಆನ್‌ಲೈನ್‌ನಲ್ಲಿ ಸಿಗುವವು ಹೆಚ್ಚಾಗಿ ಹೆಸರೇ ಕೇಳದ ಲೇಬಲ್‌ನವು. ಹಳೆ ಬೋರ್ಡ್‌ನಿಂದ ಕಿತ್ತ ಚಿಪ್‌ಸೆಟ್ ಹಾಕಿದವೂ ಇವೆ. ನಾನೂ ಕೆಲವನ್ನು ಕೂರಿಸಿದ್ದೇನೆ. ಒಂದು ನಾಲ್ಕು ವರ್ಷದಿಂದ ಓಡುತ್ತಿದೆ. ಇನ್ನೊಂದು ಎರಡನೇ ತಿಂಗಳಿಗೆ ಯುಎಸ್‌ಬಿ ಪೋರ್ಟ್‌ಗಳನ್ನು ಒಂದೊಂದಾಗಿ ಕೈಬಿಟ್ಟಿತು, ಬಯೋಸ್ (ಬೋರ್ಡ್‌ನಲ್ಲೇ ಇದ್ದು ಮಷಿನ್ ಶುರು ಮಾಡುವ ಸಾಫ್ಟ್‌ವೇರ್) ಅಪ್‌ಡೇಟ್ ಹುಡುಕಲು ಹೋದರೆ ಆ ಕಂಪನಿಗೆ ವೆಬ್‌ಸೈಟೇ ಇರಲಿಲ್ಲ. ಎರಡನೆಯದು ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಂಟೆಲ್‌ನದು ಬಹುಪಾಲು 8ನೇ ತಲೆಮಾರಿನಿಂದ ಶುರು. ನಿಮ್ಮದು 7ನೆಯದು. ದಿನಾ ಹತ್ತಾರು ಗಿರಾಕಿಗಳ ಪೆನ್‌ಡ್ರೈವ್ ಚುಚ್ಚುವ ಮಷಿನ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಇಲ್ಲದಿರುವುದು ಸಣ್ಣ ವಿಷಯ ಅಲ್ಲ. ಬರೀ ಬಿಲ್ಲಿಂಗ್‌ಗೆ, ಇಂಟರ್ನೆಟ್ ಇಲ್ಲದ ಎರಡನೇ ಮಷಿನ್‌ಗೆ ಆದರೆ ಮೂರು ಸಾವಿರದ ಬೋರ್ಡ್ ಹಾಕಿ. ದುಡಿಮೆಯ ಮಷಿನ್‌ಗೆ ಬೇಡ.

ಎಎಂಡಿಯ ಹಳೆ ಎಎಂ4 ಸಾಕೆಟ್ ನಿಮ್ಮ ಪತ್ರದಲ್ಲಿ ಬಂದಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ರೈಜನ್ 5 5600ಜಿ, ಎ520 ಅಥವಾ ಬಿ450 ಬೋರ್ಡ್. ಇದೂ ಡಿಡಿಆರ್4. ಒಳಗಿನ ಗ್ರಾಫಿಕ್ಸ್ ಇಂಟೆಲ್‌ನ 12400ಕ್ಕಿಂತ ಚೆನ್ನಾಗಿದೆ. ಬೇರೆ ಕಾರ್ಡ್ ಹಾಕದೆ ಸಣ್ಣಪುಟ್ಟ ಗೇಮ್ ಆಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಆ ಗ್ರಾಫಿಕ್ಸ್ ರ‍್ಯಾಮ್‌ನ ವೇಗವನ್ನೇ ನೆಚ್ಚಿಕೊಂಡಿದೆ. ನಿಮ್ಮ 2017ರ ಕಡ್ಡಿಗಳು 2400 ವೇಗದವು ಇರಬೇಕು, ಅದಕ್ಕೆ 3200 ಬೇಕು. ಇನ್ನೊಂದು ವಿಷಯ ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ. "ಪಿಸಿಐಇ 4.0 ಇದೆ" (ಕಾರ್ಡ್, ಎಸ್‌ಎಸ್‌ಡಿಗಳು ಪ್ರೊಸೆಸರ್ ಜೊತೆ ಮಾತಾಡುವ ದಾರಿ, 3.0ಕ್ಕಿಂತ ವೇಗದ್ದು) ಎಂದು ಎರಡು ಮೂರು ಸಾವಿರ ಜಾಸ್ತಿ ಪಡೆದು ಬಿ550 ಬೋರ್ಡ್ ಕೊಡುತ್ತಾರೆ, ಜೊತೆಗೆ 5600ಜಿ. ಆ ಪ್ರೊಸೆಸರ್‌ಗೆ ಇರುವುದು 3.0 ಮಾತ್ರ. ಬೋರ್ಡ್ 4.0 ಆದರೂ ಓಡುವುದು 3.0ರಲ್ಲೇ. ನಾಲ್ಕು ಪಥದ ಹೆದ್ದಾರಿಗೆ ಟೋಲ್ ಕಟ್ಟಿ ಸರ್ವಿಸ್ ರಸ್ತೆಯಲ್ಲಿ ಹೋದ ಹಾಗೆ.

ಮಗನ ಗ್ರಾಫಿಕ್ಸ್ ಕಾರ್ಡ್‌ಗೂ ಇದಕ್ಕೂ ಸಂಬಂಧ ಇದೆ. ಅಗ್ಗದ ಕೆಲವು ಕಾರ್ಡ್‌ಗಳು 16 ಲೇನ್ (ಆ ಪಿಸಿಐಇ ದಾರಿಯ ಪಥಗಳು) ಬದಲು ಎಂಟೋ ನಾಲ್ಕೋ ಲೇನ್ ಮಾತ್ರ ಬಳಸುತ್ತವೆ. ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ನಾಲ್ಕೇ ಲೇನ್‌ನದು. ಅಂಥ ಕಾರ್ಡ್ 4.0ರಲ್ಲಿ ಪರವಾಗಿಲ್ಲ, 3.0ರಲ್ಲಿ ಏದುಸಿರು ಬಿಡುತ್ತದೆ. 12400 ಜೊತೆ ಎಚ್610 ಬೋರ್ಡ್ ಹಾಕಿದರೂ ಕಾರ್ಡ್‌ನ ದೊಡ್ಡ ಸ್ಲಾಟ್ ಪ್ರೊಸೆಸರ್‌ನಿಂದಲೇ ಬರುವುದರಿಂದ ಅಲ್ಲಿ 4.0 ಸಿಗುತ್ತದೆ.

ಹೀಗೆ ಸೋಸಿದಾಗ ಉಳಿಯುವುದು ಎಲ್‌ಜಿಎ1700, ಡಿಡಿಆರ್4 ಬೋರ್ಡ್, ಐ5-12400. ಕೊನೆಯಲ್ಲಿ "ಎಫ್" ಅಕ್ಷರ ಇಲ್ಲದ 12400. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೋರ್ಡ್ ಹಿಂದಿನ ಎಚ್‌ಡಿಎಂಐ ಬರೀ ತೂತು. ಒಂದೆರಡು ಸಾವಿರ ಉಳಿಯಿತು ಎಂದು ಎಫ್ ತಂದು "ಡಿಸ್‌ಪ್ಲೇ ಬರ‍್ತಿಲ್ಲ, ಬೋರ್ಡ್ ಡೆಡ್" ಎಂದು ಫೋನ್ ಮಾಡಿದವರ ಸಂಖ್ಯೆ ನನ್ನಲ್ಲಿ ದೊಡ್ಡದಿದೆ.

ಇನ್ನು ಎಚ್610ಆ, ಅದೇ ಸಾಕೆಟ್‌ನ ಬಿ760ಆ? ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನೀವು ಆಲ್ಬಂ ಮಾಡುವವರು. ಎಚ್610ರಲ್ಲಿ ರ‍್ಯಾಮ್ ಸ್ಲಾಟ್ ಎರಡೇ. ನಿಮ್ಮ ಎರಡು ಕಡ್ಡಿ ಕೂತರೆ ಮನೆ ತುಂಬಿತು. ನಾಳೆ 32 ಜಿಬಿ ಬೇಕೆಂದರೆ ಎರಡನ್ನೂ ಕಿತ್ತು ಹೊಸ ಜೋಡಿ ಕೊಳ್ಳಬೇಕು. ಬಿ660, ಬಿ760ರಲ್ಲಿ ನಾಲ್ಕು ಸ್ಲಾಟ್ ಇರುವ ಬೋರ್ಡ್ ಸಿಗುತ್ತದೆ, ಇನ್ನೆರಡು ಕಡ್ಡಿ ಸೇರಿಸಿದರೆ ಆಯಿತು. ನಿಮಗೆ 32 ಬೇಕಾಗುತ್ತದಾ? 12x36 ಇಂಚಿನ ಆಲ್ಬಂ ಹಾಳೆ, 300 ಡಿಪಿಐ ಎಂದರೆ 3,600 ಗುಣಿಸು 10,800 ಪಿಕ್ಸೆಲ್. ಸುಮಾರು 3.9 ಕೋಟಿ ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ಮೂರು ಬೈಟ್ ಹಿಡಿದರೂ ಹಾಳೆ ತುಂಬುವ ಒಂದೊಂದು ಲೇಯರ್‌ಗೆ 115 ಎಂಬಿಗೂ ಮೇಲೆ. ಹಿನ್ನೆಲೆ, ನಾಲ್ಕಾರು ಫೋಟೋ, ಅವುಗಳ ಮೇಲೆ ಎಫೆಕ್ಟ್, ಜೊತೆಗೆ ಅಂಡೂ ಹಿಸ್ಟರಿ. ಮದುವೆ ಸೀಸನ್‌ನಲ್ಲಿ ಮೂರು ಹಾಳೆ ಒಟ್ಟಿಗೆ ತೆರೆದು, ಪಕ್ಕದಲ್ಲಿ ಕೋರೆಲ್, ಬ್ರೌಸರ್ ಇಟ್ಟುಕೊಂಡರೆ 16 ಜಿಬಿ ಬಿಗಿಯಾಗುತ್ತದೆ. ಲಗ್ನಪತ್ರಿಕೆಗೆ ಎಂಟೂ ಸಾಕು.

ಹಾಗಾಗಿ ಆಲ್ಬಂ ಕೆಲಸ ವರ್ಷಕ್ಕೆ ನಾಲ್ಕೋ ಐದೋ ಆದರೆ ಎಚ್610 ಕೊಂಡು ನಿಶ್ಚಿಂತೆಯಾಗಿರಿ. ಅದೇ ಮುಖ್ಯ ಸಂಪಾದನೆ ಆದರೆ, ಎರಡು ಮೂರು ಸಾವಿರ ಜಾಸ್ತಿಗೆ ನಾಲ್ಕು ಸ್ಲಾಟ್‌ನ ಡಿಡಿಆರ್4 ಬಿ760 ಸಿಕ್ಕರೆ ಅದನ್ನು ತನ್ನಿ. ಬೋರ್ಡ್‌ನಲ್ಲಿ ಜಾಸ್ತಿ ದುಡ್ಡು ಕೊಡಿ ಎಂದು ನಾನು ನಿಮಗೆ ಹೇಳುವುದು ಇದೊಂದಕ್ಕೇ. ಎರಡು ಎಚ್ಚರಿಕೆ. ಬಿ760 ಎಂದ ಮಾತ್ರಕ್ಕೆ ನಾಲ್ಕು ಸ್ಲಾಟ್ ಇರುವುದಿಲ್ಲ, ಎರಡೇ ಇರುವ ಅಗ್ಗದವೂ ಇವೆ. ಡಬ್ಬಿ ಮೇಲಿನ ಚಿತ್ರದಲ್ಲಿ ಎಣಿಸಿ. ಆಮೇಲೆ ಹಳೆ 2400ರ ಜೊತೆ ಹೊಸ 3200 ಕಡ್ಡಿ ಸೇರಿಸಿದರೆ ಎಲ್ಲವೂ 2400ರಲ್ಲೇ ಓಡುತ್ತವೆ. ಹೆಚ್ಚಿನ ಸಲ ತಕರಾರಿಲ್ಲದೆ ಹೊಂದುತ್ತವೆ, ಕೆಲವೊಮ್ಮೆ ಹೊಂದುವುದಿಲ್ಲ. ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಿ.

ಬೋರ್ಡ್ ಹೆಸರಿನ ಬಾಲ ಓದುವುದನ್ನು ಮರೆಯಬೇಡಿ. ಎಚ್610, ಬಿ760 ಎರಡರಲ್ಲೂ ಡಿಡಿಆರ್4ನದು ಬೇರೆ, ಡಿಡಿಆರ್5ನದು ಬೇರೆ. ಹಲವು ಕಂಪನಿಗಳು ಹೆಸರಿನ ಕೊನೆಗೆ "ಡಿ4" ಅಥವಾ "ಡಿಡಿಆರ್4" ಎಂದು ಸೇರಿಸುತ್ತವೆ. ಆ ಎರಡಕ್ಷರ ತಪ್ಪಿದರೆ ಸಾಗರದಿಂದ ಬೆಂಗಳೂರಿಗೆ ಮತ್ತೊಂದು ಬಸ್ ಚಾರ್ಜ್.

ಉಳಿದದ್ದು ಬೇಗ ಹೇಳುತ್ತೇನೆ. ಎಚ್610ರಲ್ಲಿ ಎಂ.2 ಎಸ್‌ಎಸ್‌ಡಿ 3.0 ವೇಗದಲ್ಲಿ ಓಡುತ್ತದೆ, ಅಂದರೆ ಸೆಕೆಂಡಿಗೆ 3,500 ಎಂಬಿ ಹತ್ತಿರ. ಹಳೆ ಹಾರ್ಡ್ ಡಿಸ್ಕ್ 150 ಮುಟ್ಟಿದರೆ ಹೆಚ್ಚು. 4.0 ಇಲ್ಲ ಎಂದು ಕೊರಗಬೇಡಿ. ಆದರೆ ಎಂ.2 ಜಾಗವೇ ಇಲ್ಲದ ಬೋರ್ಡ್ ಬೇಡ. ಹಿಂದಿನ ಯುಎಸ್‌ಬಿ ಎಣಿಸಿ: ಕೀಬೋರ್ಡ್, ಮೌಸ್, ಎರಡು ಪ್ರಿಂಟರ್, ಸ್ಕ್ಯಾನರ್, ಕಾರ್ಡ್ ರೀಡರ್, ನಿಮಗೆ ಆಗಲೇ ಆರು ಆಯಿತು. ನಾಲ್ಕೇ ಇರುವ ಬೋರ್ಡ್ ತಂದು ಹಬ್ ಹಾಕಿ ಒದ್ದಾಡಬೇಡಿ. ಮಾನಿಟರ್ ಹಳೆಯದಾಗಿ ವಿಜಿಎ ಮಾತ್ರ ಇದ್ದರೆ ಬೋರ್ಡ್‌ನಲ್ಲೂ ವಿಜಿಎ ಇರಲಿ. ಹಳೆ ಕ್ಯಾಬಿನೆಟ್‌ಗೆ ಮೈಕ್ರೋ ಎಟಿಎಕ್ಸ್ ಅಳತೆಯ ಬೋರ್ಡ್ ಸರಾಗವಾಗಿ ಕೂರುತ್ತದೆ. ವೈಫೈ ಇರುವ ಬೋರ್ಡ್‌ಗೆ ಜಾಸ್ತಿ ಕೊಡಬೇಡಿ, ಬೇಕಾದಾಗ ಸಣ್ಣ ಯುಎಸ್‌ಬಿ ಡಾಂಗಲ್ ಚುಚ್ಚಿದರಾಯಿತು.

ಬಯೋಸ್ ಬಗ್ಗೆ ಅಂಗಡಿಯಲ್ಲೇ ಕೇಳಿ. 12400 ಆದರೆ ಎಚ್610 ಪೆಟ್ಟಿಗೆಯಿಂದ ತೆಗೆದ ಕೂಡಲೇ ಗುರುತಿಸುತ್ತದೆ. 13 ಅಥವಾ 14ನೇ ತಲೆಮಾರಿನದು ಕೊಂಡರೆ ಹಳೆ ಸ್ಟಾಕ್‌ನ ಬೋರ್ಡ್‌ಗೆ ಬಯೋಸ್ ಅಪ್‌ಡೇಟ್ ಬೇಕಾಗಬಹುದು. ಅಲ್ಲೇ ಮಾಡಿಸಿ, ಪರದೆ ಬರುವುದನ್ನು ಕಣ್ಣಾರೆ ನೋಡಿ ತನ್ನಿ. ಮನೆಯಲ್ಲಿ ಮಾಡುವುದಾದರೆ ಯುಪಿಎಸ್ ಮೇಲೆಯೇ ಮಾಡಬೇಕು. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಹೊಸ ಬೋರ್ಡ್ ಅಲ್ಲಿಗೇ ಮಲಗಬಹುದು. ಬಯೋಸ್ ಬರೀ ಶಾಸ್ತ್ರಕ್ಕಲ್ಲ. 13, 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್‌ಗಳು ಅತಿ ವೋಲ್ಟೇಜ್‌ನಿಂದ ಹಾಳಾಗುತ್ತಿದ್ದದ್ದಕ್ಕೆ 2024ರ ಆಗಸ್ಟ್‌ನಲ್ಲಿ ಇಂಟೆಲ್ ಕೊಟ್ಟ ಪರಿಹಾರ ಬಂದದ್ದು ಬಯೋಸ್ ಮೂಲಕವೇ. 12400ಕ್ಕೆ ಆ ಕಾಟ ಇಲ್ಲ. ಆದರೂ ಅಪ್‌ಡೇಟ್ ಕೊಡುವ ಕಂಪನಿಯ ಬೋರ್ಡ್ ಯಾಕೆ ಬೇಕು ಎನ್ನುವುದಕ್ಕೆ ಇದು ಸಾಕಷ್ಟು ಕಾರಣ.

ಉಳಿದ ದುಡ್ಡಿನಲ್ಲಿ ಮೊದಲ ಪಾಲು ಎಸ್‌ಎಂಪಿಎಸ್‌ಗೆ. ಸಿಡಿಲು ಬೋರ್ಡ್‌ಗೆ ತಲುಪಿದ್ದು ಹಳೆ ಎಸ್‌ಎಂಪಿಎಸ್ ದಾಟಿಕೊಂಡೇ ಇರಬಹುದು. ಅದನ್ನೇ ಹೊಸ ಬೋರ್ಡ್‌ಗೆ ಹಚ್ಚಿದರೆ ಎರಡನೇ ಬಾರಿ ನನಗೆ ಪತ್ರ ಬರೆಯುತ್ತೀರಿ. 80 ಪ್ಲಸ್ ಬ್ರಾಂಜ್ ಗುರುತಿನ, ಮೂರರಿಂದ ಐದು ವರ್ಷ ವಾರಂಟಿಯ, 450 ಇಲ್ಲವೇ 550 ವ್ಯಾಟ್‌ನದು ತೆಗೆದುಕೊಳ್ಳಿ. ಕಾರ್ಡ್ ಹಾಕುವ ಅಂದಾಜಿದ್ದರೆ 550.

ಅದಕ್ಕೂ ಮುಂಚೆ ಒಂದು ಪ್ರಶ್ನೆ. ಬರಿಗಾಲಲ್ಲಿ ನಿಂತು ಹಳೆ ಕ್ಯಾಬಿನೆಟ್‌ನ ಲೋಹ ಮುಟ್ಟಿದಾಗ ಬೆರಳು ಜುಮ್ ಎನ್ನುತ್ತಿತ್ತಾ? ಹೌದಾದರೆ ಅಂಗಡಿಯ ಅರ್ಥಿಂಗ್ ಸರಿಯಿಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸ್ವಲ್ಪ ಕರೆಂಟನ್ನು ಅರ್ಥ್‌ಗೆ ಬಿಡುತ್ತವೆ. ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ ಮೇಲೆ ನಿಂತು ನಿಮ್ಮ ಬೆರಳಿಗೆ ಕಾಯುತ್ತದೆ. ಯುಪಿಎಸ್ ಇದೆಯಲ್ಲ ಎಂದು ಸಮಾಧಾನ ಬೇಡ. ಯುಪಿಎಸ್‌ನ ಸರ್ಜ್ ರಕ್ಷಣೆಯೂ ಅರ್ಥ್ ಇದ್ದರೇ ಪೂರ್ತಿ ಕೆಲಸ ಮಾಡುವುದು. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಇದೆ ಎಂದು ಮೀಟರ್ ಇಟ್ಟು ನೋಡಿಸಿ. ಎರಡು ಮೂರು ವೋಲ್ಟ್ ಒಳಗಿದ್ದರೆ ಸರಿ, ಅದಕ್ಕಿಂತ ಜಾಸ್ತಿ ಇದ್ದರೆ ಅರ್ಥಿಂಗ್ ಗುಂಡಿ ನೋಡಬೇಕು. ಗುಡುಗಿನ ರಾತ್ರಿಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಇಂಟರ್ನೆಟ್‌ನ ಲ್ಯಾನ್ ಕೇಬಲನ್ನೂ ಕೀಳಿ. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಬರುವುದಿಲ್ಲ. ಆದರೆ ಗೋಡೆಯ ಪ್ಲಗ್‌ನಲ್ಲಿರುವ ರೌಟರ್ ಅಡಾಪ್ಟರ್‌ನಿಂದ ರೌಟರ್‌ಗೆ, ಅಲ್ಲಿಂದ ತಾಮ್ರದ ಲ್ಯಾನ್ ಕೇಬಲ್ ಹಿಡಿದು ಬೋರ್ಡ್‌ಗೆ ಬರಲು ಸಿಡಿಲಿನ ಕರೆಂಟ್‌ಗೆ ದಾರಿ ಇದೆ. ಮಳೆಗಾಲದಲ್ಲಿ ಬರೀ ಲ್ಯಾನ್ ಪೋರ್ಟ್ ಸತ್ತ ಬೋರ್ಡ್‌ಗಳು ನನ್ನ ಬಳಿ ಬರುವುದು ಹೀಗೆ.

ಕೊಳ್ಳುವಾಗ ಬಿಲ್ ಇಲ್ಲದೆ ಐನೂರು ಕಡಿಮೆ ಎನ್ನುವವರಿಗೆ ಕೈ ಮುಗಿಯಿರಿ. ಬೋರ್ಡ್‌ಗಳಿಗೆ ಸಾಮಾನ್ಯವಾಗಿ ಮೂರು ವರ್ಷ ವಾರಂಟಿ. ಸೀರಿಯಲ್ ನಂಬರ್ ಬಿಲ್ ಮೇಲೆ ಬರೆಸಿ. ನೀವು ರೆಗ್ಯುಲರ್ ಜಿಎಸ್‌ಟಿಯಲ್ಲಿ ನೋಂದಾಯಿಸಿದ್ದರೆ ಬೋರ್ಡ್‌ನ 18 ಶೇಕಡಾ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಕಾಂಪೊಸಿಷನ್‌ನಲ್ಲಿದ್ದರೆ ಇಲ್ಲ. ಇನ್ನು ಸೇವಾ ಕೇಂದ್ರ ಶಿವಮೊಗ್ಗದಲ್ಲಿದೆಯಾ, ಹುಬ್ಬಳ್ಳಿಯಲ್ಲಿದೆಯಾ, ಬೆಂಗಳೂರಿಗೇ ಹೋಗಬೇಕಾ ಎಂದು ಕೊಳ್ಳುವ ಮುನ್ನ ವಿಚಾರಿಸಿ. ಎರಡು ಕಂಪನಿಯ ಬೋರ್ಡ್ ಒಂದೇ ಥರ ಇದ್ದಾಗ ನಾನು ಆರಿಸುವುದು ಇದನ್ನು ನೋಡಿಯೇ.

ಎಲ್‌ಜಿಎ1700ರಲ್ಲಿ ಪಿನ್‌ಗಳು ಇರುವುದು ಪ್ರೊಸೆಸರ್‌ನಲ್ಲಲ್ಲ, ಬೋರ್ಡ್‌ನ ಸಾಕೆಟ್‌ನಲ್ಲಿ. 1,700 ಕೂದಲೆಳೆಯಂಥ ಪಿನ್. ಒಂದು ಬಾಗಿದರೂ ವಾರಂಟಿ ಕೊಡುವುದಿಲ್ಲ. ಅಂಗಡಿಯವರು ಡಬ್ಬಿ ತೆರೆದಾಗ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಎತ್ತಿಸಿ, ಮೊಬೈಲ್‌ನಲ್ಲಿ ಸಾಕೆಟ್‌ನ ಹತ್ತಿರದ ಫೋಟೋ ತೆಗೆದಿಟ್ಟುಕೊಳ್ಳಿ. ಸಾಲುಗಳು ಸಮವಾಗಿ ಹೊಳೆಯಬೇಕು. ಆ ಮುಚ್ಚಳವನ್ನು ಎಸೆಯಬೇಡಿ. ಬೋರ್ಡ್ ವಾರಂಟಿಗೆ ಕಳಿಸುವ ದಿನ ಅದನ್ನು ಕೇಳುತ್ತಾರೆ.

ಹಳೆ ಬೋರ್ಡ್ ಗುಜರಿಗೆ ಹಾಕುವ ಮುನ್ನ ಅದರಿಂದ ಐ5-7400 ತೆಗೆದಿಟ್ಟುಕೊಳ್ಳಿ. ಬದುಕಿದ್ದರೆ ನಿಮ್ಮ ಅಕ್ಕನ ಮಗನಿಗೆ ಕೊಡಿ. ಅವನು ಆ ಮೂರು ಸಾವಿರದ ಬೋರ್ಡ್ ತರಿಸಿ, ಒಂದು ಡಿಡಿಆರ್4 ಕಡ್ಡಿ ಹೊಂದಿಸಿಕೊಂಡರೆ ಬಿಲ್ಲಿಂಗ್ ಮಷಿನ್ ಸಿದ್ಧ. ಅದು ಎಷ್ಟು ದಿನ ಓಡಿತು ಎಂದು ನನಗೂ ಒಂದು ಸಾಲು ಬರೆಯಿರಿ.